ಕಣ್ಣು ತೆರೆಸುವ ಚಿದಾನಂದಪ್ಪ

ಹೋದ ವರ್ಷ ಯುಗಾದಿ ಮುಗಿದ ಮೂರನೇ ದಿನ ನಮ್ಮ ಭಾವ ಚಿದಾನಂದಪ್ಪ ಸಿರುಗುಪ್ಪದಿಂದ ಬಸ್ಸು ಹತ್ತಿ, ಬಳ್ಳಾರಿಯ ಗಾಂಧಿನಗರದಲ್ಲಿರುವ ನನ್ನ ಡಿಟಿಪಿ ಅಂಗಡಿಗೆ ಬಂದರು. ಕಂಕುಳಲ್ಲಿ ಮೂರು ಉದ್ದನೆಯ ನೋಟ್‌ಬುಕ್ಕು, ಕೈಯಲ್ಲೊಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಇದ್ದದ್ದು ಬಿಸ್ಕತ್ತಲ್ಲ, ಫೋಟೊಗಳು. ಒಂದು ಪುಸ್ತಕ ಮಾಡಬೇಕೆಂದಿದ್ದೇನೆ, ಅದನ್ನು ಟೈಪು ಮಾಡಿ ಪುಟ ಜೋಡಿಸಿ ಕೊಡು ಅಂದರು. ನಾನು ಮದುವೆ ಕಾರ್ಡು, ಶ್ರದ್ಧಾಂಜಲಿ ಬ್ಯಾನರು, ಗೃಹಪ್ರವೇಶದ ಕರೆಯೋಲೆ ಮಾಡಿಕೊಂಡು ಬದುಕುವವಳು. ಪುಸ್ತಕದ ಕೆಲಸ ಮಾಡಿದವಳಲ್ಲ. ಆದರೆ ಕೇಳಿದವರು ಅಕ್ಕನ ಗಂಡ, ಇಲ್ಲ ಅನ್ನುವುದು ಹೇಗೆ.

ಅವರ ಏರ್ಪಾಟು ಹೀಗಿತ್ತು. ಎಡಗಡೆಯ ಪುಟಕ್ಕೆ ಒಂದು ಫೋಟೊ. ಬಲಗಡೆಗೆ ಆ ಫೋಟೊದಲ್ಲಿದ್ದವರ ಬಗ್ಗೆ ಭಾವ ಮನಸ್ಸಿನಲ್ಲೇ ಹೆಣೆದ ಕಲ್ಪನೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಆ ಫೋಟೊ ಹೇಗೆ ತೆಗೆದದ್ದು, ಬೆಳಕು ಎಲ್ಲಿಂದ ಬಂತು, ಆಮೇಲೆ ಅದಕ್ಕೆ ಏನೇನು ಮಾಡಿದ್ದು ಎಂಬ ನಾಲ್ಕೈದು ಸಾಲು. ಹೀಗೆ ಮೂವತ್ತೆಂಟು ಮುಖ. ಮೊದಲೇ ಹೇಳಿಬಿಡುತ್ತೇನೆ, ಆ ಪುಸ್ತಕದ ಮೇಲೆ ನನಗೆ ಹುಟ್ಟಿದ್ದು ಹೇಸಿಗೆ. ಈಗಲೂ ಅದು ಪೂರ್ತಿ ಹೋಗಿಲ್ಲ.

ಭಾವನ ಕಸುಬು ತಿಳಿಯದವರಿಗೆ ಒಂದಿಷ್ಟು ಹೇಳಬೇಕು. ಸಿರುಗುಪ್ಪದ ಬಸ್ ನಿಲ್ದಾಣದ ಹಿಂದೆ, ಒಂದು ಅಕ್ಕಿ ಗಿರಣಿಯ ಗೋಡೆಗೆ ಒತ್ತಿಕೊಂಡು ಅವರ ಸ್ಟುಡಿಯೊ ಇದೆ. ಎಂಬತ್ತೊಂಬತ್ತರಲ್ಲಿ ತೆರೆದದ್ದು. ಗಿರಣಿಯ ಧೂಳು ಲೆನ್ಸಿನ ಮೇಲೆ ಕೂರುತ್ತದೆಂದು ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಡುತ್ತಿದ್ದರು. ಮದುವೆ, ಸೀಮಂತ, ಶಾಲೆ ಮಕ್ಕಳ ಗ್ರೂಪ್ ಫೋಟೊ ಎಲ್ಲ ತೆಗೆಯುತ್ತಿದ್ದರು. ಆದರೆ ಸುತ್ತ ಹತ್ತೂರಿನಲ್ಲಿ ಅವರಿಗೆ ಹೆಸರು ಬಂದದ್ದು ಹೆಣದ ಫೋಟೊದಿಂದ. ನಮ್ಮ ಕಡೆ ಹಲವು ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಆನಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಹೊಸ ಸೀರೆ ಹೊದಿಸಿ ಕೂಡಿಸಿದ ಮೇಲೆ ಮಕ್ಕಳು ಮೊಮ್ಮಕ್ಕಳು ಎರಡೂ ಬದಿಗೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಡವರ ಮನೆಯ ಎಷ್ಟೋ ಹೆಂಗಸರಿಗೆ ಜನ್ಮದಲ್ಲಿ ಅದೇ ಮೊದಲ ಫೋಟೊ, ಅದೇ ಕೊನೆಯದು. ದಿನಕರ್ಮ ಮುಗಿದ ಮೇಲೆ ಮಗನೋ ಅಳಿಯನೋ ಸ್ಟುಡಿಯೊಕ್ಕೆ ಬಂದು, ಗೋಡೆಗೆ ಹಾಕಲು ದೊಡ್ಡದು ಬೇಕು, ಕಣ್ಣು ಮುಚ್ಚಿದ್ದು ಬೇಡ, ಅವ್ವ ನಮ್ಮನ್ನು ನೋಡುತ್ತಿರಬೇಕು ಅನ್ನುತ್ತಿದ್ದರು. ಭಾವ ಕಣ್ಣು ತೆರೆಸಿ ಕೊಡುತ್ತಿದ್ದರು. ಅದಕ್ಕೇ ಅವರು ಕಣ್ಣು ತೆರೆಸುವ ಚಿದಾನಂದಪ್ಪ ಆದದ್ದು. ಜನ ಎದುರಿಗೆ ಗೌರವದಿಂದ ಹಾಗೆ ಕರೆಯುತ್ತಿದ್ದರು, ಬೆನ್ನ ಹಿಂದೆ ನಗುತ್ತ ಕರೆಯುತ್ತಿದ್ದರು.

ನನ್ನ ಅಕ್ಕ ಹೊನ್ನೂರಮ್ಮನಿಗೆ ಈ ಕಸುಬು ಕಂಡರೆ ಆಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲೇ, ಹೆಣದ ಫೋಟೊ ಹೊಸ್ತಿಲು ದಾಟಿ ಒಳಗೆ ಬರಕೂಡದು ಎಂದು ಹೇಳಿದ್ದಳು. ಭಾವ ಸತ್ತವರ ಮನೆಯಿಂದ ಬಂದ ದಿನ ಹಿತ್ತಲಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬರಬೇಕು. ಮೂವತ್ತಮೂರು ವರ್ಷ ಅವರು ಅದನ್ನು ತಪ್ಪದೆ ಪಾಲಿಸಿದರು. ಅಕ್ಕನೂ ಸ್ಟುಡಿಯೊದ ಒಳಕೋಣೆಗೆ ಒಂದು ದಿನವೂ ಕಾಲಿಡಲಿಲ್ಲ. ಊಟದ ಬುತ್ತಿ ಕೂಡ ಹೊರಗಿನ ಬೆಂಚಿನ ಮೇಲಿಟ್ಟು ಬರುತ್ತಿದ್ದಳು.

ಇನ್ನು ಬಲಗಡೆ ಪುಟದ ಕಲ್ಪನೆಗಳು. ಜಡೆಮ್ಮ ಎಂಬ ಮೋಕ ಊರಿನ ಮುದುಕಿಯ ಫೋಟೊದ ಎದುರಿಗೆ ಭಾವ ಬರೆದಿದ್ದರು: "ಈ ತಾಯಿಯು ಬೆಳದಿಂಗಳಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತು, ಅಗಲಿದ ನಲ್ಲನನ್ನು ನೆನೆದು ಹಾಡಿರಬಹುದು. ಇವಳ ನೋಟದಲ್ಲಿ ಕಾರ್ತೀಕದ ದೀಪದ ಶಾಂತಿಯಿದೆ." ಜಡೆಮ್ಮನನ್ನು ನಾನು ಚೆನ್ನಾಗಿ ಬಲ್ಲೆ. ಬಳ್ಳಾರಿಯ ಬ್ರೂಸ್‌ಪೇಟೆಯ ಸಗಟು ಅಂಗಡಿಯೊಂದರ ಹಿಂದೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಬೆರಳೆಲ್ಲ ಸುಟ್ಟು ಸುಲಿದಿದ್ದವು, ಬಾಯಿ ತೆರೆದರೆ ಬೈಗುಳ. ಅವಳಿಗೊಬ್ಬ ನಲ್ಲ ಇದ್ದಿದ್ದರೆ ಮೆಣಸಿನ ಘಾಟಿಗೇ ಓಡಿಹೋಗುತ್ತಿದ್ದ. ಬದುಕಿದ್ದಾಗ ಅವಳಿಗೊಂದು ಲೋಟ ನೀರು ಕೊಡದವರು ಸತ್ತ ಮೇಲೆ ಬೆಳದಿಂಗಳು ಕೊಡುತ್ತಾರಲ್ಲ, ನನಗೆ ಹೇಸಿಗೆ ಹುಟ್ಟಿದ್ದು ಇದಕ್ಕೇ. ಮೂವತ್ತೆಂಟು ಪುಟದಲ್ಲೂ ಇದೇ ಬೆಳದಿಂಗಳು, ಇದೇ ದೀಪ, ಇದೇ ಶಾಂತಿ.

ಆದರೆ ಕೆಳಗಿನ ಸಣ್ಣ ಸಾಲುಗಳಲ್ಲಿ ಭಾವ ಬೇರೆಯೇ ಮನುಷ್ಯ. ಅದೇ ಜಡೆಮ್ಮನ ಪುಟದ ಕೆಳಗೆ ಹೀಗಿತ್ತು: "ಬೆಳಿಗ್ಗೆ ಹತ್ತೂವರೆ, ಅಂಗಳ. ಶಾಮಿಯಾನದ ಕೆಂಪು ಮುಖಕ್ಕೆ ಹೊಡೆಯುತ್ತಿತ್ತು, ಒಂದು ಬದಿ ಎತ್ತಿಸಿದೆ. ನೊಣ ಬಹಳ. ಸೊಸೆಗೆ ಟವೆಲ್ ಬೀಸಲು ಹೇಳಿ, ಬೀಸಿದ ಕೂಡಲೇ ಒತ್ತಿದೆ. ತಲೆ ಎಡಕ್ಕೆ ವಾಲುತ್ತಿತ್ತು, ಸೆರಗಿನ ಒಳಗೆ ಜೋಳದ ದಂಟಿನ ಆಸರೆ ಕೊಟ್ಟೆ." ಓದಿದವರಿಗೆ ಆ ಅಂಗಳದಲ್ಲಿ ನಿಂತ ಹಾಗಾಗುತ್ತದೆ. ಈ ಸಾಲುಗಳಲ್ಲಿ ಒಂದು ಸುಳ್ಳೂ ಇರಲಿಲ್ಲ. ಆ ಕಾರಣಕ್ಕೇ ಎಲ್ಲ ಹೊರಬಿತ್ತು.

ಜಡೆಮ್ಮನ ಪುಟದ ಕೊನೆಯ ಸಾಲು ಹೀಗಿತ್ತು: "ಕಣ್ಣು: ಹೊನ್ನೂರಮ್ಮನವು, ಕುರುಗೋಡು, ೧೯೯೧." ನಾನು ಟೈಪು ಮಾಡಿಕೊಂಡು ಮುಂದೆ ಹೋದೆ. ನಮ್ಮ ಕಡೆ ಹೊನ್ನೂರಮ್ಮಂದಿರಿಗೆ ಬರವಿಲ್ಲ, ಯಾರೋ ಇರಬೇಕು ಅಂದುಕೊಂಡೆ. ಮುಂದಿನ ಪುಟದಲ್ಲೂ ಅದೇ ಸಾಲು. ಅದರ ಮುಂದಿನದರಲ್ಲೂ. ಮೂವತ್ತೆಂಟರಲ್ಲಿ ಇಪ್ಪತ್ತಾರು ಹೆಂಗಸರ ಕೆಳಗೆ ಅದೇ ಸಾಲು ಬಂದಾಗ, ಸ್ಕ್ಯಾನ್ ಮಾಡಿದ ಮುಖಗಳನ್ನು ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದಿಟ್ಟು ದೊಡ್ಡದು ಮಾಡಿ ನೋಡಿದೆ. ಎಲ್ಲರ ಕರಿಗುಡ್ಡೆಯಲ್ಲೂ ಎಡಗಡೆಗೆ ಒಂದು ಸಣ್ಣ ಬಿಳಿ ಚೌಕ. ಆ ಚೌಕ ಏನೆಂದು ಭೂಮಿಯ ಮೇಲೆ ಗೊತ್ತಿದ್ದವರು ಮೂರೇ ಜನ, ಅದರಲ್ಲಿ ನಾನೊಬ್ಬಳು.

ತೊಂಬತ್ತೊಂದರಲ್ಲಿ ಅಕ್ಕನಿಗೆ ಇಪ್ಪತ್ತು, ಮದುವೆಯಾಗಿ ಒಂದು ವರ್ಷ. ಪಂಚಮಿಗೆ ತವರಿಗೆ ಬಂದಿದ್ದಳು. ಭಾವ ಹೊಸ ಕ್ಯಾಮೆರಾ ತಂದಿದ್ದರು. ಕುರುಗೋಡಿನ ನಮ್ಮ ಮನೆಯ ತಲೆಬಾಗಿಲಲ್ಲಿ ಅಕ್ಕನನ್ನು ಕೂಡಿಸಿ, ಮುಖದ ನೆರಳು ಬದಿಗೆ ಬೆಳಕು ತಿರುಗಿಸಲೆಂದು ಅಪ್ಪನ ಬಿಳಿ ಪಂಚೆಯನ್ನು ಅಗಲ ಮಾಡಿ ಹಿಡಿಯಲು ನನಗೆ ಹೇಳಿದರು. ನನಗಾಗ ಹದಿಮೂರು. ಕೈ ಸೋತು ಪಂಚೆ ಜಾರಿದಾಗಲೆಲ್ಲ ಅಕ್ಕ ನಗುತ್ತಿದ್ದಳು. ಆ ಪಂಚೆಯೇ ಅವಳ ಕಣ್ಣೊಳಗಿನ ಬಿಳಿ ಚೌಕ. ಈಗ ಅದು ಜಡೆಮ್ಮನ ಕಣ್ಣಲ್ಲಿತ್ತು, ಇಪ್ಪತ್ತಾರು ಹೆಣಗಳ ಕಣ್ಣಲ್ಲಿತ್ತು.

ಮರುದಿನವೇ ಭಾವನನ್ನು ಕರೆಸಿದೆ. ಮುಚ್ಚಿಡುತ್ತಾರೆ, ತಡಬಡಾಯಿಸುತ್ತಾರೆ ಅಂದುಕೊಂಡಿದ್ದೆ. ಆ ಮನುಷ್ಯ ಹಿಗ್ಗಿದರು. ಕೊನೆಗೂ ಒಬ್ಬರಾದರೂ ತಮ್ಮ ಕೈಚಳಕ ಗುರುತಿಸಿದರಲ್ಲ ಎಂದು ಕುರ್ಚಿ ಎಳೆದುಕೊಂಡು ಕೂತರು.

"ಆಕಿ ಕಣ್ಣಾಗ ಒಂದು ಸಮಾಧಾನ ಐತಿ, ಅನಿತಾ. ಯಾವ ಮುಖಕ್ಕ ಹಚ್ಚಿದ್ರೂ ಕುಂದ್ರತಾವ. ಅಂಥಾ ಇನ್ನೊಂದು ಜೋಡಿ ಈ ಜಿಲ್ಲಾದಾಗ ಸಿಗಂಗಿಲ್ಲ."

ಅಕ್ಕನಿಗೆ ಗೊತ್ತೇ ಎಂದು ಕೇಳಿದೆ.

"ಹೇಳಿಲ್ಲ. ಹೇಳಾಕ ಏನೈತಿ? ಇಪ್ಪತ್ತಾರು ಮನಿಯಾಗ ಆಕಿಗೆ ದಿನಾ ಹೂವ ಏರಸ್ತಾರ. ಯಾವ ಹೆಣ್ಮಗಳಿಗೆ ಸಿಗತೈತಿ ಆ ಮರ್ಯಾದಿ?"

ಬದುಕಿದ್ದವರ ಫೋಟೊಕ್ಕೆ ಅಪ್ಪಿತಪ್ಪಿ ಹಾರ ಬಿದ್ದರೆ ನಮ್ಮ ಮನೆಗಳಲ್ಲಿ ಹಿರಿಯರು ಎದ್ದು ಓಡಿಬಂದು ತೆಗೆದುಹಾಕುತ್ತಾರೆ. ಇವರು ಕಟ್ಟಿಕೊಂಡ ಹೆಂಡತಿಗೆ ಇಪ್ಪತ್ತಾರು ಮನೆಯಲ್ಲಿ ಹಾರ ಹಾಕಿಸಿ, ಅದನ್ನು ಮರ್ಯಾದೆ ಅನ್ನುತ್ತಿದ್ದಾರೆ. ನಾನು ಬಾಯಿಗೆ ಬಂದದ್ದು ಅಂದೆ. ಅವರು ಸಿಟ್ಟಾಗಲಿಲ್ಲ. ನೀನು ಬ್ಯಾನರಿನಲ್ಲಿ ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದಿಲ್ಲವೇ, ಬೋಳುತಲೆಗೆ ಕೂದಲು ಹಚ್ಚುವುದಿಲ್ಲವೇ ಎಂದು ಮೆತ್ತಗೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಅದೇ ಬೆಳಿಗ್ಗೆ ಒಬ್ಬ ಮೃತರ ಕೆನ್ನೆಯ ಕಲೆಗಳನ್ನೆಲ್ಲ ಅಳಿಸಿ ಪ್ರಿಂಟಿಗೆ ಕಳಿಸಿದ್ದೆ.

ಆಮೇಲೆ ಅವರು ನಗುತ್ತ ಒಂದು ಪ್ರಸಂಗ ಹೇಳಿದರು. ಮೋಕದಲ್ಲಿ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು, ಗೋಡೆಯ ಮೇಲಿದ್ದ ಹುಡುಗಿಯ ಅಜ್ಜಿಯ ಫೋಟೊ ನೋಡಿ ದಂಗಾದರಂತೆ. ಥೇಟು ತಮ್ಮ ಮನೆಯ ಗೋಡೆಯ ಮೇಲಿನ ಅಜ್ಜಿಯ ಕಳೆಯೇ. ಆ ಅಜ್ಜಿಗೂ ಕಣ್ಣು ತೆರೆಸಿದವರು ಭಾವನೇ. ಹಿರಿಯರಿಬ್ಬರೂ ಮೇಲೆ ಕೂತು ಒಪ್ಪಿಗೆ ಕೊಟ್ಟಿದ್ದಾರೆ ಎಂದು ಅಲ್ಲೇ ಎಲೆ ಅಡಿಕೆ ಬದಲಾಯಿಸಿದರಂತೆ. ಆ ಮದುವೆಯ ಫೋಟೊ ತೆಗೆದವರೂ ಭಾವನೇ. ಊಟ ಮಾಡಿ ಬಂದೆ, ಹೋಳಿಗೆ ಚಲೋ ಇತ್ತು ಅಂದರು.

ಅಕ್ಕನ ಆ ಫೋಟೊ ತೋರಿಸಿ ಅಂದೆ. ಬಿಸ್ಕತ್ತಿನ ಡಬ್ಬಿಯ ತಳದಿಂದ ಕಂದು ಕವರೊಂದನ್ನು ತೆಗೆದು ಟೇಬಲ್ಲಿನ ಮೇಲೆ ಸುರಿದರು. ಹನ್ನೊಂದು ಪ್ರಿಂಟು, ಬೇರೆ ಬೇರೆ ಅಳತೆಯವು. ಹನ್ನೊಂದರಲ್ಲೂ ಅಕ್ಕ ಅದೇ ತಲೆಬಾಗಿಲಲ್ಲಿ ಕೂತಿದ್ದಳು, ಅದೇ ಅರ್ಧ ನಗು. ಕಣ್ಣಿದ್ದ ಜಾಗದಲ್ಲಿ ಬ್ಲೇಡಿನಿಂದ ಕೊಯ್ದ ಎರಡೆರಡು ತೂತು. ತೂತಿನೊಳಗಿಂದ ನನ್ನ ಟೇಬಲ್ಲಿನ ನೀಲಿ ಹಾಸು ಕಾಣುತ್ತಿತ್ತು. ನಾನು ಅವನ್ನೆಲ್ಲ ಬೋರಲು ಹಾಕಿದೆ. ಭಾವ ಮಾತ್ರ ಪಾಠ ಹೇಳುವವರ ಹಾಗೆ ವಿವರಿಸುತ್ತಲೇ ಇದ್ದರು. ಹೆಣದ ಮುಖದ ಅಳತೆಗೆ ಸರಿಯಾಗಿ ಪ್ರಿಂಟು ಹಾಕಬೇಕು, ಕಣ್ಣನ್ನು ರೆಪ್ಪೆಯ ಗೆರೆ ಹಿಡಿದು ಕೊಯ್ಯಬೇಕು, ಗೋಂದು ತೆಳ್ಳಗಿರಬೇಕು, ಅಂಚಿಗೆ ಪೆನ್ಸಿಲು ತೀಡಬೇಕು, ಎರಡೂ ಬದಿಗೆ ದೀಪವಿಟ್ಟು ಮತ್ತೊಮ್ಮೆ ಫೋಟೊ ತೆಗೆದರೆ ಅಂಟಿಸಿದ್ದೇ ಕಾಣುವುದಿಲ್ಲ. ಕಂಪ್ಯೂಟರ್ ಬಂದ ಮೇಲೆ ಕೆಲಸ ಹಗುರಾಯಿತು.

ತೂತಿಲ್ಲದ್ದು ಒಂದಾದರೂ ಇದೆಯೇ ಎಂದು ಕೇಳಿದೆ. ಇರಲಿಲ್ಲ. ನೆಗೆಟಿವ್ ಎರಡು ಸಾವಿರದ ಒಂಬತ್ತರ ನೆರೆಯಲ್ಲಿ ಸ್ಟುಡಿಯೊಕ್ಕೆ ನೀರು ನುಗ್ಗಿದಾಗ ಅಂಟಿಕೊಂಡು ಹೋಯಿತು. ಅದಕ್ಕೂ ಮುಂಚೆ ಸ್ಕ್ಯಾನ್ ಮಾಡಿಟ್ಟಿದ್ದರು, ಕಣ್ಣನ್ನಷ್ಟೇ. ಅಷ್ಟೇ ಬೇಕಿತ್ತು ಅಂದರು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ಫೋಟೊದವನ ಹೆಂಡತಿಗೆ ತನ್ನದೇ ಒಂದು ಫೋಟೊ ಇಲ್ಲ. ಮದುವೆಯ ಫೋಟೊದಲ್ಲಿ ಬಾಸಿಂಗದ ಹಿಂದೆ ತಲೆ ತಗ್ಗಿಸಿದ್ದಾಳೆ. ಆಧಾರ್ ಕಾರ್ಡಿನಲ್ಲಿ ಇರುವುದನ್ನು ಫೋಟೊ ಅನ್ನಲಾಗದು.

ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ಹದಿನೈದು ದಿನ ಒದ್ದಾಡಿದೆ. ಅವಳ ಸಂತೋಷವೊಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಅಪರಿಚಿತ ಹೆಂಗಸರು ಅವಳ ಕೈ ಹಿಡಿದು, ನಿಮ್ಮನ್ನು ನೋಡಿದರೆ ನಮ್ಮ ಅವ್ವನ್ನ ನೋಡಿದ ಹಾಗೆ ಆಗುತ್ತದೆ ಅನ್ನುತ್ತಿದ್ದರು. ಸೀಟು ಬಿಟ್ಟುಕೊಡುತ್ತಿದ್ದರು, ಉಡಿಗೆ ಶೇಂಗಾ ಸುರಿಯುತ್ತಿದ್ದರು. ಮಕ್ಕಳಿಲ್ಲದ ಅಕ್ಕ ಅದನ್ನು ದೇವರು ಕೊಟ್ಟದ್ದೆಂದು ನಂಬಿಕೊಂಡಿದ್ದಳು. ಎಲ್ಲರಿಗೂ ನಾನು ಅವ್ವನ ಹಂಗ ಕಾಣತೀನಿ ನೋಡು ಎಂದು ನನಗೆ ಹೇಳುವಾಗ ಅವಳ ಮುಖ ತುಂಬಿಕೊಳ್ಳುತ್ತಿತ್ತು. ಅದನ್ನು ಕಸಿಯಲು ನಾನು ಯಾರು? ಆದರೆ ಪುಸ್ತಕ ಅಚ್ಚಾದರೆ ಊರೇ ಓದುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ.

ಹಲ್ಲಿನ ಡಾಕ್ಟರಿಗೆ ತೋರಿಸಲು ಅಕ್ಕ ಬಳ್ಳಾರಿಗೆ ಬಂದ ದಿನ, ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ, ಪ್ರಿಂಟು ತೆಗೆದ ಪುಟಗಳನ್ನು ಅವಳ ಮುಂದಿಟ್ಟೆ. ಏಳನೇ ಇಯತ್ತೆ ಓದಿದವಳು. ಬಲಗಡೆಯ ಉದ್ದನೆಯ ಬರಹವನ್ನು ಬಿಟ್ಟು ಸಣ್ಣ ಸಾಲುಗಳನ್ನಷ್ಟೇ ಬೆರಳಿಟ್ಟು ಓದಿದಳು. ನಾಲ್ಕು ಪುಟ ಓದಿ ನಿಲ್ಲಿಸಿದಳು. ಖರೆಯೇ ಎಂದು ಕೇಳಿದಳು. ಹೌದು ಅಂದೆ. ಹನ್ನೊಂದು ಪ್ರಿಂಟಿನ ವಿಷಯವನ್ನೂ ಹೇಳಿದೆ. ಅಳಲಿಲ್ಲ. ಗೋಡೆಯ ಮೇಲಿರುವ ಒಂದನ್ನು ಕಣ್ಣಾರೆ ನೋಡಬೇಕು ಅಂದಳು.

ಆ ಇಪ್ಪತ್ತಾರರ ಪಟ್ಟಿಯಲ್ಲಿ ನಮ್ಮ ಕುರುಗೋಡಿನವಳೇ ಒಬ್ಬಳಿದ್ದಳು, ಮೂಕಮ್ಮ. ತೊಂಬತ್ತೆಂಟರಲ್ಲಿ ತೀರಿಕೊಂಡವಳು. ನಮ್ಮ ಮನೆಯಿಂದ ಕಲ್ಲೆಸೆದರೆ ಬೀಳುವಷ್ಟು ದೂರ. ಆದರೆ ಅದು ಆಚೆ ಓಣಿ. ನಮ್ಮ ಓಣಿಯವರು ಆ ಓಣಿಯ ಮನೆಗಳೊಳಗೆ ಹೋಗುತ್ತಿರಲಿಲ್ಲ. ಯಾಕೆಂದು ನಮ್ಮ ಊರುಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂಕಮ್ಮ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದಳು. ಅವಳ ಮನೆಯ ಬಾಗಿಲು ಯಾವ ಕಡೆಗಿದೆ ಎಂಬುದೂ ನಮಗೆ ಗೊತ್ತಿರಲಿಲ್ಲ.

ಅವಳ ಮಗ ಉಚ್ಚೆಂಗೆಪ್ಪ ಗಾರೆ ಕೆಲಸದವನು, ಈಗ ಐವತ್ತರ ಹತ್ತಿರ. ನಾವು ಬಾಗಿಲಲ್ಲಿ ನಿಂತದ್ದು ಕಂಡು ಗಾಬರಿಯಾದ. ಒಳಗೆ ಬರುತ್ತೇವೆಂದು ಅಕ್ಕನೇ ಹೇಳಿದಳು. ಅವನು ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ತನ್ನ ಟವೆಲ್ಲಿನಿಂದ ಎರಡೆರಡು ಸಲ ಒರೆಸಿದ. ಟಿವಿಯ ಮೇಲಿನ ಗೋಡೆಯಲ್ಲಿ ಮೂಕಮ್ಮ ಇದ್ದಳು. ಗಾಜಿನ ಮೇಲೆ ಪದರ ಪದರವಾಗಿ ಒಣಗಿದ ಕುಂಕುಮ, ಧೂಳು ಕುಡಿದ ಪ್ಲಾಸ್ಟಿಕ್ ಹಾರ, ಚೌಕಟ್ಟಿನ ಹಿಂದಿನಿಂದ ಇಣುಕುವ ಹಲ್ಲಿಯ ಬಾಲ. ಗುಳಿಬಿದ್ದ ಕೆನ್ನೆ, ಸತ್ತ ತುಟಿ, ಅವುಗಳ ನಡುವೆ ಇಪ್ಪತ್ತು ವರ್ಷದ ನನ್ನ ಅಕ್ಕನ ಕಣ್ಣು. ಗೊತ್ತಿಲ್ಲದೆ ನೋಡಿದ್ದರೆ ನಾನೂ ಎಷ್ಟು ಶಾಂತವಾದ ಮುಖ ಅನ್ನುತ್ತಿದ್ದೆ. ಗೊತ್ತಿದ್ದು ನೋಡಿದರೆ ಹೆಣದೊಳಗೆ ಯಾರೋ ಜೀವಂತ ಸಿಕ್ಕಿಹಾಕಿಕೊಂಡ ಹಾಗಿತ್ತು.

ನಮ್ಮ ಭಾವ ತೆಗೆದ ಫೋಟೊ ನೋಡಲು ಬಂದಿದ್ದೇವೆ ಎಂದು ನಾನು ಹೇಳಿದೆ. ಉಚ್ಚೆಂಗೆಪ್ಪನಿಗೆ ಹೆಮ್ಮೆಯಾಯಿತು. ಹೆಂಡತಿಗೆ ಚಹಾ ಇಡಲು ಹೇಳಿ, ತಾನು ನಿಂತೇ ಮಾತಾಡಿದ.

"ದಿನಾ ಕೆಲಸಕ್ಕ ಹೋಗೂಮುಂದ ಅವ್ವಗ ಎಲ್ಲಾ ಹೇಳೇ ಹೋಗತೀನ್ರಿ. ಮಗಳು ತೀರಿಕೊಂಡಾಗ ಇಲ್ಲೇ ಕುಂತು ಅತ್ತೀನಿ. ಅವ್ವ ಬದುಕಿದ್ದಾಗ ಹಿಂಗ ನೆಟ್ಟಗ ನೋಡತಿರಲಿಲ್ರಿ, ತಲಿ ತಗ್ಗಿಸಿಕೊಂಡ ಇರತಿದ್ಲು. ಖರೇ ಹೇಳಬೇಕಂದ್ರ ಆಕಿ ಕಣ್ಣ ಹೆಂಗಿದ್ವು ನನಗೀಗ ನೆನಪಿಲ್ಲ. ಅವ್ವ ಅಂದ್ರ ಇವ ಕಣ್ಣ ಬರತಾವು."

ಅಕ್ಕ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಆಮೇಲೆ ಆ ಮನೆಯಲ್ಲಿ ಇದ್ದಷ್ಟು ಹೊತ್ತೂ ಅವಳು ತಲೆ ಎತ್ತಲಿಲ್ಲ. ಹೇಳಿಬಿಡುತ್ತಾಳೆ, ಆ ಫೋಟೊ ಇಳಿಸಿ ಅನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಕೊಟ್ಟ ಚಹಾವನ್ನು ಕೊನೆಯ ಗುಟುಕಿನ ತನಕ ಕುಡಿದಳು, ಕಪ್ಪು ಬಸಿಯನ್ನು ತಾನೇ ಒಳಗಿಟ್ಟು ಬಂದಳು. ಬಸ್ ನಿಲ್ದಾಣಕ್ಕೆ ಬಂದ ಮೇಲೆ ನಳದ ಹತ್ತಿರ ಕೂತು ಕುಡಿದದ್ದನ್ನೆಲ್ಲ ಕಾರಿಕೊಂಡಳು. ನೀರು ಎರಚಿಕೊಂಡು ಕಣ್ಣು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ರೆಪ್ಪೆ ಕೆಂಪಾಗುವ ತನಕ ಉಜ್ಜಿದಳು.

"ಇಪ್ಪತ್ತೈದು ವರ್ಷ ಅಂವ ನನ್ನ ಮುಂದ ನಿಂತು ಅತ್ತಾನ," ಅಂದಳು. "ನನಗ ಅವನ ಮಗಳು ಸತ್ತದ್ದು ಸೈತ ಗೊತ್ತಿಲ್ಲ. ಆ ಮುದುಕಿ ಕಣ್ಣ ಎಲ್ಲಿ ಹೋದ್ವು, ಅನಿತಾ? ಹೆತ್ತ ಮಗನ ಕಡೆನೂ ಉಳೀಲಿಲ್ಲಲ್ಲ."

ಅಕ್ಕ ಮನೆಗೆ ಹೋಗಿ ರಂಪ ಮಾಡುತ್ತಾಳೆ ಅಂದುಕೊಂಡಿದ್ದೆ. ಒಂದು ಮಾತೂ ಆಡಲಿಲ್ಲವಂತೆ. ಎಂದಿನಂತೆ ರೊಟ್ಟಿ ಬಡಿದಳು, ಬುತ್ತಿ ಕಟ್ಟಿದಳು. ಯಾರ ಮುಖವನ್ನೂ ನೋಡದೆ ಮಾತಾಡುವುದು ಮಾತ್ರ ಆಗಿನಿಂದ ಶುರುವಾಯಿತು. ಬಸ್ಸಿನಲ್ಲಿ ಯಾರಾದರೂ ನಿಮ್ಮನ್ನು ಎಲ್ಲೋ ನೋಡಿದ್ದೇವೆ ಅಂದರೆ ಎದ್ದು ಬೇರೆ ಕಡೆ ನಿಲ್ಲುತ್ತಿದ್ದಳು.

ಭಾವನಿಗೆ ಇದ್ಯಾವುದೂ ಕಾಣಲಿಲ್ಲ. ಅವರಿಗೆ ಪುಸ್ತಕದ ಕೊನೆಯ ಪುಟದ ಚಿಂತೆ. ಮೂವತ್ತೆಂಟು ಮುಖ ಆದ ಮೇಲೆ ಮೂವತ್ತೊಂಬತ್ತನೆಯದಾಗಿ ಹೊನ್ನೂರಮ್ಮನೇ ಇರಬೇಕು, ಇವೇ ಆ ಕಣ್ಣು ಎಂದು ಓದುಗರು ಬೆರಗಾಗಬೇಕು. ಅದೇ ಪುಸ್ತಕದ ಪ್ರಾಣ, ಅದಿಲ್ಲದೆ ಪುಸ್ತಕವೇ ಇಲ್ಲ ಅಂದರು. ಬ್ರೂಸ್‌ಪೇಟೆಯ ಪ್ರೆಸ್ಸಿನವರಿಗೂ ಹೇಳಿಯಾಗಿತ್ತು. ಬಲಗಡೆಯ ಕಲ್ಪನೆ ಆಗಲೇ ಬರೆದು ತಂದಿದ್ದರು. ಅದರಲ್ಲಿ ಅಕ್ಕನನ್ನು ನೇತ್ರದಾನ ಮಾಡಿದ ಮಹಾತಾಯಿ ಎಂದು ಕರೆದಿದ್ದರು. ಭಾವ, ದಾನ ಅಂದರೆ ಕೇಳಿ ಪಡೆದದ್ದು, ಕೇಳದೆ ತೆಗೆದುಕೊಂಡದ್ದಕ್ಕೆ ಬೇರೆ ಹೆಸರಿದೆ ಅಂದೆ. ಅಕ್ಕನಿಗೆ ಎಲ್ಲ ಗೊತ್ತಾಗಿದೆ ಎಂದೂ ಹೇಳಿದೆ. ಅವರ ಮುಖ ಅರಳಿತು. ಗೊತ್ತಾಗಿಯೂ ಸುಮ್ಮನಿದ್ದಾಳೆಂದರೆ ಒಪ್ಪಿದ್ದಾಳೆ ಎಂದೇ ಅರ್ಥ ಅಂದರು. ನಿಜಕ್ಕೂ ಅಕ್ಕ ಒಪ್ಪಿದಳು. ತೆಗೆಯಿರಿ, ಕೂಡುತ್ತೇನೆ ಅಂದಳಂತೆ. ಅದನ್ನು ಕೇಳಿದ ದಿನ ನನಗೆ ಅಕ್ಕನ ಮೇಲೂ ಅಸಹ್ಯವಾಯಿತು.

ಒಂದು ಭಾನುವಾರ ಬೆಳಿಗ್ಗೆ ಸಿರುಗುಪ್ಪಕ್ಕೆ ಹೋದೆ. ತೊಂಬತ್ತೊಂದರಲ್ಲಿ ಮಾಡಿದ ಹಾಗೆಯೇ ಎಲ್ಲ ಆಗಬೇಕೆಂದು ಭಾವ ಹಟ ಹಿಡಿದಿದ್ದರು. ಅದೇ ಹಳೆಯ ಕ್ಯಾಮೆರಾ, ಮೇಲಿನಿಂದ ಬಗ್ಗಿ ಗಾಜಿನೊಳಗೆ ನೋಡುವಂಥದ್ದು. ಅದಕ್ಕೆ ಎಲ್ಲಿಂದಲೋ ಒಂದು ರೋಲು ತರಿಸಿದ್ದರು. ಈ ಸಲ ಅವರ ಮನೆಯ ತಲೆಬಾಗಿಲಿನ ಬೆಳಕು. ಬಿಳಿ ಪಂಚೆ ಹಿಡಿಯಲು ನಾನೇ. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು, ಹೂ ಮುಡಿದು ಬಂದು, ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ ಕೂತಳು. ಅಷ್ಟು ದಿನ ಯಾರನ್ನೂ ನೋಡದಿದ್ದವಳು ನನ್ನನ್ನು ನೆಟ್ಟಗೆ ನೋಡಿದಳು. ಐವತ್ತಮೂರು ವರ್ಷ, ಸುತ್ತ ಸುಕ್ಕು ಬಂದಿದೆ, ಆದರೂ ಕಣ್ಣು ಅವೇ.

ಭಾವ ಬೆಳಕು ನೋಡಿದರು, ಅಂತರ ಅಳೆದರು, ಕ್ಯಾಮೆರಾದ ಮೇಲೆ ಬಗ್ಗಿದರು. ಹೂಂ ಅಂದರು. ಅಕ್ಕ ಕಣ್ಣು ಮುಚ್ಚಿದಳು.

ರೆಪ್ಪೆ ಬಡಿದಿರಬೇಕೆಂದು ಭಾವ ಕಾದರು. ತೆರೆಯಲಿಲ್ಲ. ಅವರು ತಲೆ ಎತ್ತಿದರು, ಅಕ್ಕ ಕಣ್ಣು ತೆರೆದಳು. ಅವರು ಬಗ್ಗಿದರು, ಅಕ್ಕ ಮುಚ್ಚಿದಳು. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಮುಚ್ಚಿದವಳು, ಅವರು ತಲೆ ಎತ್ತಿದರೂ ತೆರೆಯಲಿಲ್ಲ.

"ಹೊನ್ನೂರಿ, ಕಣ್ಣ ತಗಿ," ಅಂದರು ಭಾವ.

"ನೀವ ತೆರಸ್ರಿ," ಅಂದಳು ಅಕ್ಕ, ಮುಚ್ಚಿದ ಕಣ್ಣಲ್ಲೇ. "ನೀವು ಹೆಸರಾಗಿದ್ದು ಅದಕ್ಕ ಅಲ್ಲೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಬೀದಿಯ ಕಡೆಯಿಂದ ಒಂದು ನೊಣ ಬಂದು ಅಕ್ಕನ ಕೆನ್ನೆಯ ಮೇಲೆ ಕೂತಿತು. ಅವಳು ಅದನ್ನು ಓಡಿಸಲಿಲ್ಲ. ಕೆನ್ನೆಯಿಂದ ತುಟಿಗೆ, ತುಟಿಯಿಂದ ರೆಪ್ಪೆಗೆ ಅದು ನಡೆದು ಹೋಯಿತು. ಬೆನ್ನು ಚೌಕಟ್ಟಿಗೆ, ಕೈ ಮಡಿಲಲ್ಲಿ, ತಲೆ ಒಂದಿಷ್ಟು ಎಡಕ್ಕೆ. ಭಾವ ಹೀಗೆ ಕೂಡಿಸಿದವರನ್ನು ಎಷ್ಟು ಅಂಗಳಗಳಲ್ಲಿ ನೋಡಿದ್ದರೋ. ನನ್ನ ತೋಳು ಸೋತು ಹೋಗಿತ್ತು, ಆದರೆ ಪಂಚೆ ಇಳಿಸಲಿಲ್ಲ. ಈ ಸಲ ಅಕ್ಕ ನಗಲಿಲ್ಲ.

ಕೊನೆಗೆ ಭಾವ ಬಗ್ಗಿ ಒಂದೇ ಒಂದು ಸಲ ಒತ್ತಿದರು. ಕ್ಯಾಮೆರಾ ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಹೋದರು. ಒಳಗೆ ಬರುವ ಮುಂಚೆ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಅಕ್ಕ ಆಗ ಕಣ್ಣು ತೆರೆದು, ಹೂವನ್ನು ತೆಗೆದು ಹೊಸ್ತಿಲ ಮೇಲಿಟ್ಟು, ರೊಟ್ಟಿ ಬಡಿಯಲು ಎದ್ದು ಹೋದಳು.

ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ. ಹೋಗುತ್ತದೋ ಇಲ್ಲವೋ ಭಾವ ಹೇಳುತ್ತಿಲ್ಲ, ನಾನು ಕೇಳುತ್ತಿಲ್ಲ. ಒಂದು ವಾರದ ಮೇಲೆ ಮೂವತ್ತೊಂಬತ್ತನೆಯ ಪುಟವನ್ನು ಬಸ್ಸಿನವರ ಕೈಯಲ್ಲಿ ಕಳಿಸಿದ್ದರು. ಎಡಗಡೆಗೆ ಆ ಫೋಟೊ. ಬಲಗಡೆಗೆ ಏನೂ ಇಲ್ಲ. ನೇತ್ರದಾನದ ಹಾಳೆಯನ್ನು ಹರಿದು ಹಾಕಿದ್ದರು. ಬೆಳದಿಂಗಳಿಲ್ಲ, ದೀಪವಿಲ್ಲ, ಬರೀ ಬಿಳಿ ಹಾಳೆ. ಅದರ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಸಾಲುಗಳನ್ನು ನಾನು ಇದ್ದ ಹಾಗೆಯೇ ಟೈಪು ಮಾಡಿಟ್ಟಿದ್ದೇನೆ.

"ಬೆಳಿಗ್ಗೆ ಒಂಬತ್ತು, ತಲೆಬಾಗಿಲು, ಸಿರುಗುಪ್ಪ. ಬಿಳಿ ಪಂಚೆ ಹಿಡಿದವಳು ಅನಿತಾ. ನೊಣ ಒಂದು, ಓಡಿಸಲು ಆಗಲಿಲ್ಲ. ತಿದ್ದಿದ್ದು ಏನೂ ಇಲ್ಲ. ಕಣ್ಣು: ಕೊಡಲಿಲ್ಲ."